ಪಕ್ಕದ ಮನಿ ಮುಧೋಳ ಮರಿ, ಅಂಜೋ ಮಗಳು: ಏನ್ ಮಾಡಬೇಕ್ರಿ?

ಮಾಳಿಗಿಮನಿ, ರಾಯಚೂರು:
ಪಕ್ಕದವರು ಮುಧೋಳ ತಳಿ ನಾಯಿಮರಿ ಸಾಕ್ಯಾರ, ಒಂಬತ್ತು ತಿಂಗಳಿಂದು. ನಡುವ ನಾಲ್ಕಡಿ ಕಂಪೌಂಡ್, ಅವರ ಗೇಟು ಸರಳಿಂದು. ಮಗಳಿಗೆ ಆರು ವರ್ಷ. ಅದು ಜಿಗದ್ರ ಆಕಿ ಚೀರಿ ಓಡ್ತಾಳ, ಓಡಿದ್ರ ಅದು ಇನ್ನೂ ಜೋರು ಬೆನ್ನು ಹತ್ತತದ. ಕಚ್ಚಿಲ್ಲ. ಹಗಲೆಲ್ಲ ಚೈನಿಗೆ ಕಟ್ಟಿರ್ತಾರ. ಈಗ ಸಾಲಿ ವ್ಯಾನ್ ಹತ್ತಾಕೂ ಒಲ್ಲೆ ಅಂತಾಳ. ಅವರ ಕೂಡ ಜಗಳ ಬ್ಯಾಡ.

ಬೆಲ್ಟುಚೈನು:
ಮುಧೋಳ ಮೂಗಿಗಿಂತ ಕಣ್ಣು ನಂಬಿ ಬೇಟೆಯಾಡೋ ತಳಿ. ಓಡೋದನ್ನು ಕಂಡರೆ ಬೆನ್ನಟ್ಟೋದು ಅದರ ಹುಟ್ಟುಗುಣ, ಸಿಟ್ಟಲ್ಲ. ಹಾಗಾಗಿ ಮೊದಲು ಮಗು ಅದರ ಕಣ್ಣಿಗೆ ಬೀಳದ ಹಾಗೆ ಮಾಡಿ. ಗೇಟಿಗೆ ಐದಡಿ ಎತ್ತರ ಹಸಿರು ಶೇಡ್ ನೆಟ್, 90 ಪರ್ಸೆಂಟ್ ದಟ್ಟದ್ದು. ಕಟ್ಟೋದು ರಸ್ತೆ ಕಡೆಯಿಂದ. ಒಳಗಿನಿಂದ ಕಟ್ಟಿದರೆ ಎರಡು ದಿನಕ್ಕೆ ಹರಿದು ಹಾಕುತ್ತೆ. ಗೇಣಿಗೊಂದು ಕಡೆ ಬೈಂಡಿಂಗ್ ವೈರ್, ತುದಿಗಳನ್ನು ಮಡಚಿಡಿ, ಮಕ್ಕಳ ಕೈಗೆ ಚುಚ್ಚಬಾರದು.

ನಾಲ್ಕಡಿ ಗೋಡೆ ಮುಧೋಳಕ್ಕೆ ಲೆಕ್ಕವೇ ಅಲ್ಲ. ವೆಲ್ಡ್ ಮೆಶ್ (ಬೆಸೆದ ತಂತಿ ಜಾಲರಿ) ಹಾಕಿ ಆರಡಿಗೆ ಏರಿಸಲಿ. ಗೋಡೆ ಪಕ್ಕ ಡ್ರಮ್ಮು, ಕಲ್ಲು ಇದ್ದರೆ ತೆಗೀರಿ, ಅದೇ ಮೆಟ್ಟಿಲಾಗುತ್ತೆ.

ಇನ್ನು ಚೈನು. ಓಡೋಕೆ ಹುಟ್ಟಿದ ನಾಯಿಯನ್ನು ಇಡೀ ದಿನ ಕಟ್ಟಿದರೆ ಬಿಟ್ಟ ಕೂಡಲೆ ಬಾಣದ ಹಾಗೆ ಹಾರೋದು ಸಹಜ. ಬೆಳಿಗ್ಗೆ, ಸಂಜೆ ಅರ್ಧರ್ಧ ಗಂಟೆ ಹೊರಗೆ ಬೇಕೇ ಬೇಕು. ರಾಯಚೂರಿನ ಬ್ಯಾಸಿಗಿಯಲ್ಲಿ ಅಂದ್ರೆ ಬೆಳಿಗ್ಗೆ ಆರೂವರೆಯೊಳಗೆ, ಸಂಜೆ ಏಳರ ಮೇಲೆ. ಅಂಗೈ ಹಿಂಭಾಗ ಡಾಂಬರಿನ ಮೇಲೆ ಏಳು ಸೆಕೆಂಡ್ ಇಡೋಕೆ ಆಗದಿದ್ದರೆ ನಾಯಿ ಪಾದಕ್ಕೂ ಸುಡುತ್ತೆ. ಇದರ ತಲೆ ಕತ್ತಿಗಿಂತ ಸಣ್ಣದು, ಸಾದಾ ಬೆಲ್ಟಿನಿಂದ ಹಿಂದಕ್ಕೆ ಜಾರಿ ತಪ್ಪಿಸಿಕೊಳ್ಳುತ್ತೆ; ಎದೆಗೆ ಹಾಕೋ ಹಾರ್ನೆಸ್ ಒಳ್ಳೇದು. ಬಯಲಲ್ಲಿ ಮೂವತ್ತಡಿ ಹಗ್ಗ ಬಿಡೋದಾದ್ರೆ ಹಾರ್ನೆಸ್ಸಿಗೇ ಕಟ್ಟಿ. ಕತ್ತಿಗೆ ಕಟ್ಟಿದರೆ ಓಡಿ ಜಗ್ಗಿದ ರಭಸಕ್ಕೆ ಪೆಟ್ಟಾಗುತ್ತೆ.

ಸಿಂಧನೂರಿನಾಕಿ:
ಹುಡುಗಿ ಕಡೆಯಿಂದ ಹೇಳ್ತೀನ್ರಿ. ‘ಅಂಜಬ್ಯಾಡ, ಏನೂ ಮಾಡಂಗಿಲ್ಲ’ ಅನ್ನೋದು ಬಿಡ್ರಿ, ಆಕಿಗೆ ಮಾಡಾಕ ಒಂದು ಕೆಲಸ ಕೊಡ್ರಿ. ‘ಗಿಡ ಆಗು’ ಆಟ: ಕಾಲು ಕೂಡಿಸಿ ನಿಲ್ಲೋದು, ಕೈ ಎದಿಗೆ ಕಟ್ಟೋದು, ತನ್ನ ಪಾದ ನೋಡ್ತಾ ಮನಸ್ಸಿನಾಗ ಇಪ್ಪತ್ತು ಎಣಿಸೋದು. ನಾಯಿ ಇಲ್ಲದಾಗ, ಮನ್ಯಾಗ, ದಿನಾ ಐದು ಸಲ. ಕೆಡವಿದ್ರ ಬೋರಲಾಗಿ ಮುದುರಿ, ಬೆರಳು ಹೆಣೆದು ಕತ್ತಿನ ಹಿಂದ ಇಡೋದನ್ನೂ ಕಲಿಸ್ರಿ.

ಆಮ್ಯಾಲ ದೂರದ ಲೆಕ್ಕ. ಅವರು ನಾಯಿ ಹಿಡಕೊಂಡು ನಿಲ್ಲಲಿ, ನೀವು ನಲವತ್ತಡಿ ದೂರ. ಆಕಿ ಆರಾಮ ಮಾತಾಡ್ತಿದ್ರ ಆ ದೂರ ಸರಿ. ಕೈ ಬಿಗಿ ಹಿಡದ್ರ ಇನ್ನೂ ಹಿಂದ ಹೋಗ್ರಿ. ಐದೇ ನಿಮಿಷ. ಮೂರು ದಿನ ಸತತ ಆರಾಮ ಇದ್ರ ಮೂರಡಿ ಮುಂದ. ಮುಟ್ಟು ಅಂತ ಒತ್ತಾಯ ಬ್ಯಾಡ. ಅಂಜಿದಾಕಿನ್ನ ಎತ್ತಿಕೊಂಡ್ರ ನಾಯಿ ಮತ್ತಷ್ಟು ಮ್ಯಾಲೆ ಜಿಗೀತದ, ನೀವು ನಡುವ ಅಡ್ಡ ನಿಂತ್ರ ಸಾಕು. ಅಂಜಿಕಿ ಹೋದ ಮ್ಯಾಲ ಕೈಯಾಗ ಬಿಸ್ಕೀಟು ಕೊಟ್ಟು ತಿನ್ನಿಸಿದ್ರ ದೋಸ್ತಿ ಆಕ್ಕೈತಿ.

ತುಂಗಾದಂಡೆ:
ಕೊನೆಯ ಮಾತು ಒಪ್ಪಲ್ಲ. ಜಿಗಿಯೋ ಮರಿಗೆ ಮಗುವಿನ ಕೈ ಎಂದರೆ ತಿಂಡಿ ಎಂದು ಕಲಿಸಿದ ಹಾಗೆ ಆಗುತ್ತೆ. ನಾಳೆ ಆ ಕೈಯಲ್ಲಿ ರೊಟ್ಟಿ ಇದ್ದರೂ ಹಾರುತ್ತೆ. ತಿಂಡಿ ಸಾಕಿದವರೇ ಕೊಡಲಿ: ಬೇಯಿಸಿದ ಕೋಳಿ, ಕಡಲೆಕಾಳಿನಷ್ಟು, ನಾಲ್ಕೂ ಕಾಲು ನೆಲದ ಮೇಲಿದ್ದ ಕ್ಷಣಕ್ಕೆ. ಹಾರಿದರೆ ಬೆನ್ನು ತಿರುಗಿಸಿ ಸುಮ್ಮನಿರೋದು. ಮನೆಯಲ್ಲಿ ಒಬ್ಬರು ಮೈಮೇಲೆ ಹಾರಿಸಿಕೊಂಡು ಮುದ್ದಿಸಿದರೂ ಕಲಿತದ್ದೆಲ್ಲ ಹೋಯ್ತು.

ಲಸಿಕೆ ಕಾರ್ಡು ಒಮ್ಮೆ ನೋಡಿ. ಮೂರು ತಿಂಗಳಿಗೆ ಮೊದಲ ರೇಬೀಸ್ ಚುಚ್ಚುಮದ್ದು ಬಿದ್ದಿರಬೇಕು, ನಂತರ ವೈದ್ಯರು ಬರೆದ ಹಾಗೆ. ಉಗುರು, ಹಲ್ಲು ತಾಗಿದರೆ ನಲ್ಲಿ ನೀರಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೀರಿ. ಅರಿಶಿಣ, ಸುಣ್ಣ, ಖಾರದ ಪುಡಿ ಬೇಡ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ತೋಳಿನ ಚರ್ಮದೊಳಗೆ ಕೊಡೋ ಲಸಿಕೆ 0 (ಮೊದಲ ಚುಚ್ಚುಮದ್ದಿನ ದಿನ), 3, 7, 28ನೇ ದಿನ. ರಕ್ತ ಬಂದಿದ್ದರೆ ಗಾಯಕ್ಕೆ ರೇಬೀಸ್ ತಡೆಯೋ ಸೀರಮ್ ಚುಚ್ಚುಮದ್ದೂ ಬೇಕು. ‘ಸಾಕಿದ ನಾಯಿ, ಏನಾಗಲ್ಲ’ ಅಂತ ಕೂರಬೇಡಿ.

ಮಾಳಿಗಿಮನಿ, ರಾಯಚೂರು:
ಬಿಸ್ಕೀಟು ಬಿಟ್ವಿ. ಆದ್ರ ಅವರಿಗೆ ಹೆಂಗ ಹೇಳೋದು?

ಬೆಲ್ಟುಚೈನು:
ದೂರು ಅಂತ ಹೇಳಬೇಡಿ, ಹೊತ್ತು ಕೇಳಿ. ‘ಅಣ್ಣಾರೆ, ಎಂಟೂಕಾಲಿಗೆ ವ್ಯಾನ್ ಬರ್ತದ, ಹತ್ತು ನಿಮಿಷ ಮರಿ ಒಳಗಿರಲಿ’ ಅಂತ. ನೆಟ್ಟಿನ ದುಡ್ಡು ಅರ್ಧ ನಾವು ಕೊಡ್ತೀವಿ ಅಂದ್ರೆ ಬೇಡ ಅನ್ನೋರು ಕಡಿಮೆ. ಗೇಟಿನ ಅಡ್ಡ ಚಿಲಕ ನಾಯಿ ಹಾರಿ ಬಡಿದಾಗ ಸರಿದುಬಿಡುತ್ತೆ. ಅದರ ತೂತಿಗೆ ಒಂದು ಸ್ಪ್ರಿಂಗ್ ಕೊಂಡಿ ಸಿಕ್ಕಿಸೋಕೆ ಹೇಳಿ, ಇವತ್ತೇ.