ಬೇಸಿಗೆ ಓದು ಕಾರ್ಯಕ್ರಮಕ್ಕೆ ಲೇಖಕರನ್ನು ಆರಿಸುವುದು ಹೇಗೆ?

ಪ್ರಶ್ನೆ: ಸ್ವಯಂಸೇವಕಿ, ಮಕ್ಕಳ ವಿಭಾಗ

ಎಲ್ಲರಿಗೂ ನಮಸ್ಕಾರ. ನಾನು ಸಾರ್ವಜನಿಕ ಗ್ರಂಥಾಲಯವೊಂದರ ಮಕ್ಕಳ ವಿಭಾಗದಲ್ಲಿ ಸ್ವಯಂಸೇವಕಿ. ಬೇಸಿಗೆ ರಜೆಯಲ್ಲಿ 6 ವಾರಗಳ ಓದು ಕಾರ್ಯಕ್ರಮ ನಡೆಸಲಿದ್ದು, ವಾರಕ್ಕೊಬ್ಬರಂತೆ ಲೇಖಕರನ್ನು ಮಕ್ಕಳಿಗೆ ಪರಿಚಯಿಸುವ ಹೊಣೆ ನನ್ನ ಪಾಲಿಗೆ ಬಂದಿದೆ. ಕಳೆದ ಸಲ ಹೆಸರಾಂತ ಲೇಖಕರೊಬ್ಬರು ಬಂದಿದ್ದರು. ಕೂರಲು ಜಾಗವಿಲ್ಲದಷ್ಟು ಮಕ್ಕಳು ಸೇರಿದ್ದರು. ಪ್ರಶ್ನೆ ಕೇಳುವ ಸಮಯ ಬಂದಾಗ ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು ನಿಂತು, "ನಿಮ್ಮ ಪುಸ್ತಕ ನನಗೆ ಸಿಗಲೇ ಇಲ್ಲ, ಕತೆ ಏನು ಅಂತ ಹೇಳ್ತೀರಾ?" ಎಂದಳು. ನಮ್ಮಲ್ಲಿದ್ದದ್ದು ಎರಡೇ ಪ್ರತಿ, ಎರಡೂ ಎರವಲು ಹೋಗಿದ್ದವು. ಆ ಮಾತು ಇಂದಿಗೂ ನನ್ನನ್ನು ಕಾಡುತ್ತಿದೆ. ಲೇಖಕರನ್ನು ಆರಿಸುವಾಗ ಮೊದಲು ನೋಡಬೇಕಾದದ್ದೇನು? ಇಷ್ಟು ಪುಸ್ತಕ ಓದಿದರೆ ಇಂಥ ಬಹುಮಾನ ಎಂದು ಗುರಿ ಇಡುವುದು ಸರಿಯೇ?

ಉತ್ತರ 1: ನಿವೃತ್ತ ಗ್ರಂಥಪಾಲಕ

ಮೇಡಂ, ನಿಮ್ಮ ಪ್ರಶ್ನೆಗೆ ಆ ಹುಡುಗಿಯೇ ಉತ್ತರ ಕೊಟ್ಟಿದ್ದಾಳೆ. ನಾವು ಸಾಮಾನ್ಯವಾಗಿ ಮೊದಲು ಹೆಸರು ಗೊತ್ತುಮಾಡಿಕೊಂಡು ಆಮೇಲೆ ಕಪಾಟಿನ ಕಡೆ ತಿರುಗುತ್ತೇವೆ; ಆಗಬೇಕಾದದ್ದು ಇದಕ್ಕೆ ತಿರುಗುಮುರುಗು. ಭಾರತದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳಲ್ಲಿ ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬ ಎರಡು ಸೂತ್ರಗಳಿವೆಯಲ್ಲ, ಬೇಸಿಗೆ ಕಾರ್ಯಕ್ರಮದ ಲೇಖಕರ ಪಟ್ಟಿಯನ್ನು ಅವೆರಡರ ಒರೆಗೆ ಹಚ್ಚಿ ನೋಡಿದರೆ ಸಾಕು. ಒಂದು ಪುಸ್ತಕ ಹಿಡಿಸಿದ ಮಗು ಮರುದಿನವೇ ಬಂದು "ಇವರದ್ದೇ ಇನ್ನೊಂದು ಕೊಡಿ" ಎನ್ನುತ್ತದೆ. ಆ ಇನ್ನೊಂದು ನಿಮ್ಮ ಕಪಾಟಿನಲ್ಲಿ ಇರಬೇಕು. ಹಾಗಾಗಿ ಚಿಕ್ಕದು, ದೊಡ್ಡದು, ಚಿತ್ರ ಹೆಚ್ಚಿರುವುದು, ಬರಹ ಹೆಚ್ಚಿರುವುದು ಎಂದು ನಾಲ್ಕಾರು ಬಗೆಯ ಪುಸ್ತಕ ಬರೆದವರಿಗೆ ಮೊದಲ ಆದ್ಯತೆ ಕೊಡಿ.

ಆರೂ ಮಂದಿ ಕತೆಗಾರರೇ ಆಗಬೇಕಿಲ್ಲ. ವಿಜ್ಞಾನ ಬರೆಯುವವರು, ಚಿತ್ರ ಬರೆಯುವವರು, ಅನುವಾದಕರು ಇವರೆಲ್ಲರೂ ಪುಸ್ತಕ ಕಟ್ಟುವವರೇ, ಆದರೂ ಇಂಥ ಪಟ್ಟಿಗಳಲ್ಲಿ ಅವರ ಹೆಸರು ಕಾಣುವುದೇ ಅಪರೂಪ. ಚಿತ್ರಕಾರರೊಬ್ಬರು ಮಕ್ಕಳೆದುರು ಒಂದು ಪುಟವನ್ನು ಪೆನ್ಸಿಲ್ ಗೆರೆಯಿಂದ ಬಣ್ಣದವರೆಗೆ ಬಿಡಿಸಿ ತೋರಿಸುವಾಗ ಆ ಕೋಣೆಯಲ್ಲಿ ಎಂಥ ಮೌನ ಕವಿಯುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತೀರಿಹೋದ ಲೇಖಕರನ್ನೂ ಬಿಡಬೇಡಿ. ಅವರ ವಾರದಲ್ಲಿ ಗಟ್ಟಿಯಾಗಿ ಓದಿಸಿದರಾಯಿತು. ಭೇಟಿಗೆ ಎರಡು ವಾರ ಮೊದಲೇ ಪುಸ್ತಕಗಳನ್ನು ಮುಖಪುಟ ಕಾಣುವಂತೆ ಜೋಡಿಸಿಡಿ, ಒಂದೊಂದು ಪ್ರತಿಯನ್ನು ಎರವಲು ಕೊಡದೆ ಓದುವ ಕೋಣೆಯಲ್ಲೇ ಉಳಿಸಿಕೊಳ್ಳಿ.

ಉತ್ತರ 2: ಪ್ರಾಥಮಿಕ ಶಾಲಾ ಶಿಕ್ಷಕಿ

ಮೇಲಿನ ಮಾತುಗಳನ್ನು ಪೂರ್ತಿ ಒಪ್ಪುತ್ತೇನೆ. ಒಂದನ್ನು ಮಾತ್ರ ಸೇರಿಸುವೆ: ಪರಿಚಯಿಸುವ ಲೇಖಕರ ಪಟ್ಟಿ ಕಡ್ಡಾಯ ಓದಿನ ಪಟ್ಟಿಯಾಗಬಾರದು. ಅಮೆರಿಕದ ಶಿಕ್ಷಣ ಸಂಶೋಧಕ ರಿಚರ್ಡ್ ಆಲಿಂಗ್ಟನ್ ಮತ್ತು ಅವರ ಸಂಗಡಿಗರು ಬಡ ಕುಟುಂಬಗಳ ಮಕ್ಕಳಿಗೆ ಸತತ ಮೂರು ಬೇಸಿಗೆ, ಪ್ರತಿ ಬೇಸಿಗೆಗೂ 12ರಂತೆ ಪುಸ್ತಕಗಳನ್ನು ಕೊಟ್ಟು ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಪುಸ್ತಕ ಪಡೆದ ಮಕ್ಕಳು ಪಡೆಯದವರಿಗಿಂತ ಓದಿನಲ್ಲಿ ಮುಂದಿದ್ದರು. ಅಲ್ಲಿ ಪುಸ್ತಕಗಳನ್ನು ಆರಿಸಿಕೊಂಡವರು ಮಕ್ಕಳೇ ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಬಹುಮಾನದ ವಿಷಯದಲ್ಲಿ ಎಚ್ಚರಿಕೆ ಬೇಕು. ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರ 1973ರ ಪ್ರಯೋಗದಲ್ಲಿ, ಚಿತ್ರ ಬಿಡಿಸುವುದನ್ನು ಮೊದಲೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ "ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ" ಎಂದು ಮುಂಚಿತವಾಗಿ ಹೇಳಿದಾಗ, ಅವರಿಗೆ ಆಮೇಲೆ ತಾವಾಗಿ ಬಿಡಿಸುವ ಆಸಕ್ತಿ ಕುಗ್ಗಿತು. ಹೇಳದೆ ಕೊಟ್ಟವರಲ್ಲಿ ಹಾಗಾಗಲಿಲ್ಲ. ಕೊಡಲೇಬೇಕೆಂದಿದ್ದರೆ ಸದ್ದಿಲ್ಲದೆ, ಎಲ್ಲರಿಗೂ, ಪುಸ್ತಕವನ್ನೇ ಕೊಡಿ.

ಉತ್ತರ 3: ಒಬ್ಬ ತಂದೆ

ನನ್ನ ಮಗನಿಗೆ ಓದುವುದು ಕಷ್ಟ. ಜ್ವಾಲಾಮುಖಿಗಳ ಬಗೆಗಿನ ಒಂದೇ ಪುಸ್ತಕವನ್ನು ಅವನು ರಜೆಯಲ್ಲಿ ಮೂರು ಸಲ ಓದಿದ; ಮೂರನೆಯ ಸಲ ಲಾವಾ ಹರಿಯುವ ಪುಟವನ್ನು ಬೆರಳಿಟ್ಟು, ತಡವರಿಸದೆ, ನನಗೇ ಓದಿ ಹೇಳಿದ. ಆದರೆ ಓದಿನ ದಾಖಲೆ ಹಾಳೆ ತೆಗೆದುಕೊಂಡು ಹೋದಾಗ "ಒಂದೇ ಪುಸ್ತಕ, ಒಂದೇ ಲೆಕ್ಕ" ಎಂದುಬಿಟ್ಟರು. ಮನೆಗೆ ಬರುವ ದಾರಿಯುದ್ದಕ್ಕೂ ಅವನು ತುಟಿ ಬಿಚ್ಚಲಿಲ್ಲ. ದಯವಿಟ್ಟು ಮರುಓದನ್ನೂ, ಕೇಳುವ ಪುಸ್ತಕಗಳನ್ನೂ, ದೊಡ್ಡವರು ಓದಿ ಹೇಳಿದ್ದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಪುಸ್ತಕಗಳ ಸಂಖ್ಯೆಯ ಬದಲು ಓದಿದ ದಿನಗಳನ್ನು ಗುರುತು ಹಾಕಿಕೊಳ್ಳುವ ಹಾಳೆಯನ್ನು ಸಿದ್ಧಪಡಿಸುತ್ತಿದ್ದೇನೆ. ಹೀಗಾದರೆ ಜ್ವಾಲಾಮುಖಿಯ ಪುಸ್ತಕ ಎಷ್ಟು ಸಲ ಓದಿದರೂ ಲೆಕ್ಕಕ್ಕೆ ಬರುತ್ತದೆ. ಮೊದಲ ವಾರಕ್ಕೆ ಚಿತ್ರಕಾರರೊಬ್ಬರನ್ನು ಕೇಳಿಕೊಳ್ಳುವೆ. ಅವರಿಗೆ ಪತ್ರ ಬರೆಯುವ ಮುನ್ನ ನಾಳೆ ಬೆಳಿಗ್ಗೆ ಅವರ ಪುಸ್ತಕಗಳ ಎಷ್ಟು ಪ್ರತಿಗಳು ನಮ್ಮಲ್ಲಿವೆ ಎಂದು ಎಣಿಸಿ ನೋಡುತ್ತೇನೆ.