ಅಪ್‌ಡೇಟ್: ಲಾಭವಿದ್ದೂ ಕೈಯಲ್ಲಿ ಹಣವಿಲ್ಲವೆಂದು ಕೇಳಿದ್ದೆ

ಅಡಿಕೆ ಹಾಳೆ ತಟ್ಟೆ ತಯಾರಿಸುವ ನನ್ನ ಸಣ್ಣ ಘಟಕದ ಲೆಕ್ಕಪುಸ್ತಕ ಲಾಭ ತೋರಿಸುತ್ತಿದ್ದರೂ ಸಂಬಳದ ದಿನ ಕೈ ಬರಿದಾಗುವುದೇಕೆ, ಹಣಕಾಸು ತರಬೇತಿಯಿಂದ ಪ್ರಯೋಜನವಾದೀತೇ ಎಂದು ಹಿಂದೆ ಕೇಳಿದ್ದೆ. ನಿಮ್ಮ ಸಲಹೆಯಂತೆ ಹೋಗಿಬಂದೆ. ಅಲ್ಲಿ ನಗದು ಹರಿವಿನ ಪಟ್ಟಿ (ಹಣ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬ ಲೆಕ್ಕ) ಬರೆಸಿದಾಗ ಕಂಡದ್ದಿಷ್ಟು: ಹಾಳೆ ತರುವ ರೈತರಿಗೆ ನಾನು ವಾರದೊಳಗೆ ಹಣ ಕೊಡುತ್ತೇನೆ, ತಟ್ಟೆ ಕೊಳ್ಳುವವರು ನನಗೆ ಕೊಡುವುದು 70 ದಿನಗಳ ಮೇಲೆ, ನಡುವಿನ ಅಂತರವನ್ನು, ನನಗೇ ಅರಿವಿಲ್ಲದಂತೆ, ಬಡ್ಡಿ ಸಾಲದಿಂದ ತುಂಬುತ್ತಿದ್ದೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಸರಕು ಕೊಂಡವರು, ಲಿಖಿತ ಒಪ್ಪಂದದಲ್ಲಿ ಏನೇ ಇದ್ದರೂ, 45 ದಿನಗಳೊಳಗೆ ಪಾವತಿಸಬೇಕೆಂದು 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆ ಹೇಳುತ್ತದೆ ಎಂಬುದೂ ಅಲ್ಲಿಯೇ ತಿಳಿಯಿತು. ಈಗ ಬಿಲ್ಲಿನ ಮೇಲೆ ಉದ್ಯಮ್ (ಇಂಥ ಉದ್ಯಮಗಳಿಗೆ ಸರ್ಕಾರ ಕೊಡುವ) ನೋಂದಣಿ ಸಂಖ್ಯೆಯನ್ನೂ ಪಾವತಿಯ ಗಡುವನ್ನೂ ಅಚ್ಚು ಹಾಕಿಸಿದ್ದೇನೆ. ಇಬ್ಬರು ಗ್ರಾಹಕರು ಗಡುವಿನೊಳಗೆ ಕೊಟ್ಟರು. ಒಬ್ಬರು ಮುನಿಸಿಕೊಂಡು ಬೇರೆಡೆ ಹೋದರು.