ಪ್ರಶ್ನೋತ್ತರ: ಕಾಲೇಜಿನಲ್ಲಿ ವಿಕಲಚೇತನ ವಿದ್ಯಾರ್ಥಿಗೆ ಏನು ಕೇಳಬಹುದು, ಹೇಗೆ ಕೇಳಬೇಕು

ಪ್ರಶ್ನೆ (ಜಗಳೂರು ತಾಲ್ಲೂಕಿನ ತಾಯಿಯೊಬ್ಬರು): ನಮಸ್ಕಾರ ಮೇಡಂ. ನನ್ನ ಮಗ ಈ ವರ್ಷ ದಾವಣಗೆರೆಯ ಅನುದಾನಿತ ಕಾಲೇಜೊಂದರಲ್ಲಿ ಬಿ.ಎ. ಸೇರಿದ್ದಾನೆ. ಹುಟ್ಟಿನಿಂದಲೂ ಮಂದದೃಷ್ಟಿ. ಯುಡಿಐಡಿ ಕಾರ್ಡಿನಲ್ಲಿ (ವಿಕಲಚೇತನರ ಗುರುತಿನ ಚೀಟಿ) ವೈಕಲ್ಯ ಶೇ. 75 ಎಂದು ನಮೂದಾಗಿದೆ. ಮೊದಲ ಬೆಂಚಿನಲ್ಲಿ ಕುಳಿತರೂ ಬೋರ್ಡಿನ ಮೇಲೆ ಬರೆದದ್ದು ಅವನಿಗೆ ಕಾಣುವುದಿಲ್ಲ. ಕಚೇರಿಯಲ್ಲಿ ವಿಚಾರಿಸಿದರೆ, "ಕಾರ್ಡಿನ ಜೆರಾಕ್ಸ್ ಕೊಟ್ಟು ಹೋಗಿ, ಪರೀಕ್ಷೆ ಹತ್ತಿರ ಬಂದಾಗ ನೋಡೋಣ" ಎನ್ನುತ್ತಾರೆ. ಅಲ್ಲಿಯವರೆಗೆ ಅವನು ಓದುವುದು ಹೇಗೆ?

ಉತ್ತರ (ವಿಶೇಷ ಶಿಕ್ಷಣ ಸಮಾಲೋಚಕಿ, ದಾವಣಗೆರೆ): ನಮಸ್ಕಾರ ಅಮ್ಮ. ಪರೀಕ್ಷೆಯವರೆಗೆ ಕಾಯಬೇಡಿ, ಈ ವಾರವೇ ಪ್ರಾಂಶುಪಾಲರಿಗೆ ಪತ್ರ ಕೊಡಿ. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರಲ್ಲಿ ಅಂಗೀಕಾರವಾಗಿ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಪ್ರತಿಯೊಬ್ಬ ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕೆಂದು ಅದರ 16ನೇ ಪ್ರಕರಣ ಹೇಳುತ್ತದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5ರಷ್ಟು ಸೀಟು ಮೀಸಲಿಡಬೇಕೆಂಬುದು 32ನೇ ಪ್ರಕರಣ. ಸೀಟು ಸಿಕ್ಕಿತೆಂದು ಸುಮ್ಮನಾಗುವವರೇ ಹೆಚ್ಚು, ಆದರೆ ನಿಜವಾದ ಕೆಲಸ ಶುರುವಾಗುವುದು ಸೀಟು ಸಿಕ್ಕ ಮೇಲೆ.

ಕಾರ್ಡಿನ ಜೆರಾಕ್ಸ್ ಮಾತ್ರ ಕೊಟ್ಟರೆ ಸಾಲದು. ಶೇ. 75 ಎಂಬ ಅಂಕಿಯನ್ನು ನೋಡಿದ ಉಪನ್ಯಾಸಕರಿಗೆ ನಾಳೆ ತರಗತಿಯಲ್ಲಿ ತಾವು ಏನು ಮಾಡಬೇಕೆಂಬುದು ತಿಳಿಯುವುದಿಲ್ಲ, ಅದನ್ನು ನೀವೇ ಬರೆದು ಹೇಳಬೇಕು. "ನಾನು ಮಂದದೃಷ್ಟಿಯವನು, ಸಹಾಯ ಮಾಡಿ" ಎಂಬ ಪತ್ರ ಕಡತದೊಳಗೆ ಮಲಗಿಬಿಡುತ್ತದೆ. ಅದರ ಬದಲು, "ಬೋರ್ಡಿನ ಮೇಲೆ ಬರೆಯುವಾಗ ಗಟ್ಟಿಯಾಗಿ ಓದುತ್ತಾ ಬರೆಯಬೇಕು, ಟಿಪ್ಪಣಿಗಳನ್ನು ದೊಡ್ಡ ಅಕ್ಷರದಲ್ಲಿ ಅಥವಾ ಯುನಿಕೋಡ್ ಕಡತವಾಗಿ ಕೊಡಬೇಕು, ಕಿಟಕಿಯ ಬೆಳಕು ಎದುರಿಗೆ ಬಾರದ ಜಾಗದಲ್ಲಿ ಕೂರಿಸಬೇಕು, ಪಾಠವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಲು ಅನುಮತಿ ಬೇಕು" ಎಂದು ಬರೆಯಿರಿ. ಇದರಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಕಿಲ್ಲವಾದ್ದರಿಂದ ಇಲ್ಲವೆನ್ನಲು ಕಾರಣ ಹುಡುಕುವುದು ಕಷ್ಟ.

ಯುನಿಕೋಡ್ (ಕಂಪ್ಯೂಟರು ಕನ್ನಡವನ್ನು ಕನ್ನಡವೆಂದೇ ಗುರುತಿಸುವ ಅಕ್ಷರ ಸಂಕೇತ) ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ ಮತ್ತು ಕನ್ನಡವನ್ನೂ ಓದುತ್ತದೆ. ಆದರೆ ನಮ್ಮ ಕಾಲೇಜುಗಳ ಎಷ್ಟೋ ಟಿಪ್ಪಣಿಗಳು ಈಗಲೂ 'ನುಡಿ' ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಫಾಂಟುಗಳಲ್ಲೇ ಇವೆ. ನಮ್ಮ ಕಣ್ಣಿಗೆ ಅವು ಕನ್ನಡವೇ, ಕಂಪ್ಯೂಟರಿಗೆ ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ತಂತ್ರಾಂಶವು "ಬಸವಣ್ಣ" ಎಂಬಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಉಚ್ಚರಿಸುತ್ತದೆ. ಅಂಥ ಕಡತವನ್ನು ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿಕೊಡುವುದು ಕೆಲವು ನಿಮಿಷಗಳ ಕೆಲಸ. ಪುಸ್ತಕವನ್ನು ಸ್ಕ್ಯಾನ್ ಮಾಡಿದರೆ ಕೃತಿಸ್ವಾಮ್ಯದ ತೊಂದರೆಯಾಗುತ್ತದೆಂದು ಗ್ರಂಥಾಲಯದವರು ಅಂಜಿದರೆ, ವಿಕಲಚೇತನರ ಓದಿಗಾಗಿ ಬೇರೆ ರೂಪದಲ್ಲಿ ಪ್ರತಿ ಮಾಡಲು ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯೇ ವಿನಾಯಿತಿ ಕೊಟ್ಟಿದೆಯೆಂದು ವಿನಯದಿಂದಲೇ ತಿಳಿಸಿ.

ಪರೀಕ್ಷೆಯ ವಿಷಯವನ್ನೂ ಇದೇ ಪತ್ರದಲ್ಲಿ ಸೇರಿಸಿ. ಕೇಂದ್ರ ಸರ್ಕಾರದ ಮಾರ್ಗಸೂಚಿಯ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಸಿಗಬೇಕು, ಅಂದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಲಿಪಿಕಾರರು, ಅಂದರೆ ಅವನು ಹೇಳಿದ ಉತ್ತರವನ್ನು ಬರೆದುಕೊಡುವವರು, ಬೇಕಿದ್ದರೆ ಆ ಕೋರಿಕೆ ಕಾಲೇಜಿನ ಮೂಲಕ ತೋಳಹುಣಸೆಯಲ್ಲಿರುವ ದಾವಣಗೆರೆ ವಿಶ್ವವಿದ್ಯಾನಿಲಯದ ಪರೀಕ್ಷಾಂಗ ವಿಭಾಗವನ್ನು ಮೊದಲೇ ತಲುಪಿರಬೇಕು. ಪತ್ರ ಎರಡು ಪ್ರತಿ ಇರಲಿ, ಒಂದರ ಮೇಲೆ ಸ್ವೀಕೃತಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡೇ ಬನ್ನಿ.

ಪ್ರಶ್ನೆ (ಹೊಸದುರ್ಗದಿಂದ ಒಬ್ಬರು): ಅಪಘಾತದಲ್ಲಿ ನನ್ನ ತಂಗಿಯ ಬಲಗೈ ಬೆರಳುಗಳಿಗೆ ಪೆಟ್ಟಾಗಿ, ಅರ್ಧ ಪುಟ ಬರೆಯುವಷ್ಟರಲ್ಲಿ ಕೈ ಮರಗಟ್ಟುತ್ತದೆ. ಆದರೆ ಪ್ರಮಾಣಪತ್ರದಲ್ಲಿ ಶೇ. 30 ಮಾತ್ರ ಬಂದಿದೆ. 40ಕ್ಕಿಂತ ಕಡಿಮೆಯಿದ್ದರೆ ಲಿಪಿಕಾರರನ್ನು ಕೊಡಲು ಬರುವುದಿಲ್ಲ ಎನ್ನುತ್ತಿದ್ದಾರೆ.

ಉತ್ತರ: ಮೀಸಲಾತಿಗೆ ಶೇ. 40 ಬೇಕೆಂಬುದು ಸರಿ. ಲಿಪಿಕಾರರಿಗೂ ಅದೇ ಅಳತೆ ಹಿಡಿಯುವುದು ತಪ್ಪು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿ ಕೇಂದ್ರ ಲೋಕಸೇವಾ ಆಯೋಗದ ವಿರುದ್ಧ ಹೂಡಿದ್ದ ಪ್ರಕರಣದಲ್ಲಿ, ಲಿಪಿಕಾರರನ್ನು ಪಡೆಯಲು ಶೇ. 40ರ ಮಿತಿಯನ್ನು ಷರತ್ತಾಗಿ ಹಾಕುವಂತಿಲ್ಲವೆಂದು ಸುಪ್ರೀಂ ಕೋರ್ಟು 2021ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ಆ ಬಳಿಕ 2022ರ ಆಗಸ್ಟ್‌ನಲ್ಲಿ, ಶೇ. 40ಕ್ಕಿಂತ ಕಡಿಮೆಯಿದ್ದರೂ ಬರೆಯಲು ತೊಂದರೆಯಿರುವವರಿಗಾಗಿ ಪ್ರತ್ಯೇಕ ಮಾರ್ಗಸೂಚಿ ಬಂತು. ನಿಮಗೆ ಬೇಕಾದದ್ದು ಹೊಸ ಶೇಕಡಾವಾರು ಅಲ್ಲ, "ಬರೆಯಲು ಮಿತಿಯಿದೆ" ಎಂದು ಸರ್ಕಾರಿ ಆಸ್ಪತ್ರೆಯ ಸಕ್ಷಮ ವೈದ್ಯಾಧಿಕಾರಿಗಳು ನಿಗದಿತ ನಮೂನೆಯಲ್ಲಿ ಕೊಡುವ ಪ್ರಮಾಣಪತ್ರ. ತಂಗಿ ಎಷ್ಟು ನಿಮಿಷಕ್ಕೆ ಎಷ್ಟು ಸಾಲು ಬರೆಯುತ್ತಾಳೆಂದು ಮನೆಯಲ್ಲೇ ಗಡಿಯಾರವಿಟ್ಟು ನೋಡಿ, ಆ ಹಾಳೆಗಳನ್ನು ವೈದ್ಯರ ಬಳಿಗೆ ಒಯ್ಯಿರಿ. ಹತ್ತನೆಯ ಸಾಲಿನ ಅಕ್ಷರ ಮೊದಲ ಸಾಲಿಗಿಂತ ಹೇಗೆ ಕೆಡುತ್ತದೆಂಬುದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ.

ಪ್ರಶ್ನೆ (ಚಿತ್ರದುರ್ಗದ ಉಪನ್ಯಾಸಕರು): ನಮ್ಮ ವಿಭಾಗ ಮೊದಲ ಮಹಡಿಯಲ್ಲಿದೆ. ಗಾಲಿಕುರ್ಚಿಯ ವಿದ್ಯಾರ್ಥಿಯೊಬ್ಬನನ್ನು ಸಹಪಾಠಿಗಳು ಎತ್ತಿಕೊಂಡು ಹೋಗುತ್ತಿದ್ದಾರೆ. ಲಿಫ್ಟಿಗೆ ಹಣವಿಲ್ಲ.

ಉತ್ತರ: ಲಿಫ್ಟ್ ಬರುವವರೆಗೆ ಆ ತರಗತಿಯನ್ನು ಕೆಳಗಿಳಿಸಿ, ಅದಕ್ಕೆ ವೇಳಾಪಟ್ಟಿ ತಿದ್ದಿದರೆ ಸಾಕು. ದಿನಕ್ಕೆರಡು ಬಾರಿ ನಾಲ್ವರ ಕೈಯಲ್ಲಿ ತೂಗಾಡುವುದು ಅವನಿಗೆ ಹೇಗನಿಸುತ್ತದೆಂದು ಒಮ್ಮೆ ಕೇಳಿನೋಡಿ, ಸಾರ್. ರಾಂಪ್ ಕಟ್ಟಿಸುವಿರಾದರೆ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು, ಅಂದರೆ ಆರು ಅಂಗುಲದ ಮೂರು ಮೆಟ್ಟಿಲುಗಳಿಗೆ 18 ಅಡಿ ಉದ್ದದ ರಾಂಪ್ ಬೇಕು. ನಾನು ನೋಡಿದ ಒಂದು ಕಾಲೇಜಿನಲ್ಲಿ ಆರಡಿಯಲ್ಲೇ ಮುಗಿಸಿದ್ದರು, ಅದರ ಮೇಲೆ ಗಾಲಿಕುರ್ಚಿ ಏರದಾದಾಗ ಬೈಕುಗಳು ಏರಿದವು. ಶೌಚಾಲಯದ ಬಾಗಿಲನ್ನೂ ಟೇಪು ಹಿಡಿದು ಅಳೆಯಿರಿ, 90 ಸೆಂ.ಮೀ. ಖಾಲಿ ಜಾಗ ಸಿಗಬೇಕು.

ಪ್ರಶ್ನೆ (ಜಗಳೂರಿನ ತಾಯಿ): ಮೇಡಂ, ಬಸ್ ಪಾಸ್ ಮತ್ತು ಭೂತಗನ್ನಡಿಯಂಥ ಸಾಧನಗಳಿಗೆ ಯಾರ ಬಳಿ ಹೋಗಬೇಕು? ಇನ್ನೊಂದು, ಪತ್ರವನ್ನು ನಾನು ಬರೆಯಬೇಕೋ, ಅವನೋ?

ಉತ್ತರ: ಮೊದಲು ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ. ಅವರು ಸಿಗದಿದ್ದರೆ ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿರುತ್ತಾರೆ. ರಿಯಾಯಿತಿ ಬಸ್ ಪಾಸಿನ ಅರ್ಜಿ ತುಂಬಲು ಅವರೇ ನೆರವಾಗುತ್ತಾರೆ. ಸಾಧನಗಳ ಬಗ್ಗೆ ದಾವಣಗೆರೆಯಲ್ಲಿರುವ ಕೇಂದ್ರ ಸರ್ಕಾರದ ಸಂಯೋಜಿತ ಪ್ರಾದೇಶಿಕ ಕೇಂದ್ರದಲ್ಲಿ ವಿಚಾರಿಸಿ. ಎಲ್ಲರೂ ಅದನ್ನು ಸಿಆರ್‌ಸಿ ಎಂದೇ ಕರೆಯುತ್ತಾರೆ. ಹೋಗುವಾಗ ಯುಡಿಐಡಿ ಕಾರ್ಡು, ಆಧಾರ್, ಆದಾಯ ಪ್ರಮಾಣಪತ್ರ ಜೊತೆಗಿರಲಿ. ಕಾಲೇಜಿನಿಂದ ಉತ್ತರವೇ ಬಾರದಿದ್ದರೆ ಮೊಹರು ಬಿದ್ದ ಆ ಪ್ರತಿಯೊಂದಿಗೆ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳಿಗೆ, ಅಲ್ಲಿಂದಲೂ ಆಗದಿದ್ದರೆ ಅಧಿನಿಯಮದ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು.

ಪತ್ರವನ್ನು ಅವನೇ ಹೇಳಲಿ, ನೀವು ಬರೆದುಕೊಳ್ಳಿ, ಸಹಿ ಅವನದಿರಲಿ. ಯಾವ ಬಣ್ಣದ ಮಾರ್ಕರ್ ಕಾಣುತ್ತದೆ, ಮಧ್ಯಾಹ್ನದ ತರಗತಿಯಲ್ಲಿ ಯಾವ ಬೆಂಚಿನಿಂದ ಏನೂ ಕಾಣುವುದಿಲ್ಲ ಎಂಬುದು ನಿಮಗೂ ನನಗೂ ತಿಳಿಯದು, ಅವನಿಗೆ ತಿಳಿದಿರುತ್ತದೆ.